ಸಿಕಂದರನ ಕಾರಿನ ಸುಳ್ಳು ಕಾಯಿಲೆ

“ದೂರ ನಿಂತಲ್ಲೇ ಗಾಡಿ ಚಾಲೂ ಆಗಬೇಕೇನ್ರಿ? ಯಾಕ, ಕೀಲಿ ತಿರುವಾಕ ಕೈಗೆ ಮೆಹಂದಿ ಹಚ್ಚೀರೇನು?”

ಬುಶ್ರಾ ಸಿಕಂದರನಿಗೆ ಆಡಿದ ಮೊಟ್ಟಮೊದಲ ಮಾತು ಇದು. ಪ್ರೀತಿ ಹೀಗೂ ಶುರುವಾಗುತ್ತದೆಯೇ ಎಂದು ಕೇಳಬೇಡಿ. ಅವತ್ತು ಅಲ್ಲಿ ಶುರುವಾದದ್ದು ಪ್ರೀತಿಯಲ್ಲ, ಶುದ್ಧ ತಾತ್ಸಾರ!

ಕೊರ್ತಾಲಿಮ್‌ನಲ್ಲಿ, ಗೋವಾದ ಝುವಾರಿ ಸೇತುವೆ ಹತ್ತುವ ಮೊದಲು ಸಿಗುತ್ತದೆ ಗೌಸಸಾಬರ ಅಂಗಡಿ. ಕಾರಿಗೆ ಸೀಟ್ ಕವರ್, ಹಾರ್ನು, ಮ್ಯೂಸಿಕ್ ಸಿಸ್ಟಮ್, ಎಲ್ಲ ಬಗೆಯ ವೈರಿಂಗ್. ವಿಜಯಪುರದ ಕಡೆಯಿಂದ ಬಂದ ಗೌಸಸಾಬರಿಗೆ ಈಚೆಗೆ ಕಣ್ಣು ಮಂಜು. ಸಣ್ಣ ವೈರು ಕಾಣುವುದಿಲ್ಲ. ಐಟಿಐ ಓದಿದ ಮಗಳು ಬುಶ್ರಾ ಆ ಕೆಲಸಕ್ಕೆ ಕೈ ಹಾಕಿದ್ದಳು.

ಆದರೆ ಅಂಗಡಿ ಇನ್ನೂ ಅವಳದ್ದಾಗಿರಲಿಲ್ಲ. ಹುಡುಗಿಯ ಕೆಲಸ ಸರಿಯಿಲ್ಲ ಅಂತ ಗಿರಾಕಿಗಳ ಬಾಯಿಂದ ಬಂದರೆ ಮರುದಿನವೇ ಅಂಗಡಿ ನನ್ನ ಅಣ್ಣನ ಮಗ ಫರೀದನಿಗೆ, ನೀನು ಗಂಡನ ಮನೆಗೆ... ಅಪ್ಪ ಮುಖದ ಮೇಲೆ ಹಾಗೇ ಹೇಳಿದ್ದರು. ಫರೀದನೋ, ಟೆಸ್ಟರನ್ನು ಯಾವ ಕಡೆಯಿಂದ ಹಿಡಿಯಬೇಕೆಂದೇ ತಿಳಿಯದ ಮಹಾಶಯ! ದುಡ್ಡಿನ ಗಲ್ಲೆಯ ಹತ್ತಿರ ಕಾಲ ಮೇಲೆ ಕಾಲು ಹಾಕಿ ಕೂರುವುದೊಂದು ಚೆನ್ನಾಗಿ ಕಲಿತಿದ್ದ.

ಈ ಭಯವೇ ಬುಶ್ರಾಳ ನಾಲಿಗೆಯನ್ನು ಹರಿತ ಮಾಡಿತ್ತು. ಯಾರಾದರೂ ತನ್ನನ್ನು ಕಡಿಮೆ ಎನ್ನುವ ಮೊದಲೇ ತಾನು ಅವರನ್ನು ಕಡಿಮೆ ಮಾಡಿಬಿಡುತ್ತಿದ್ದಳು. ಬಾನೆಟ್ ತೆರೆದಾಗ ಒಳಗೆ ಕರಿದಾರ, ಲಿಂಬೆಹಣ್ಣು, ತಾಯತ ಏನೇ ಕಂಡರೂ ಎಲ್ಲರೆದುರು ಎತ್ತಿ ಹಿಡಿದು, ಇದು ಗಾಡಿಯೋ ತೊಟ್ಟಿಲೋ ಎಂದು ನಗುತ್ತಿದ್ದಳು. ಹಿರಿಯರಿರಲಿ, ಕಿರಿಯರಿರಲಿ, ಬಿಡುತ್ತಿರಲಿಲ್ಲ. ಅವಳ ಮಾತು ಪಕ್ಕದೂರು ಸಾಂಕೋಲೆಯ ಹೆಂಗಸರವರೆಗೂ ಮುಟ್ಟಿತ್ತು.

ಸಿಕಂದರನ ಮನೆ ಅದೇ ಸಾಂಕೋಲೆಯಲ್ಲಿ. ವೆರ್ಣಾದ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದ. ಮೆಹಂದಿಯ ಮಾತಿಗೆ ಅವನು ಸಿಟ್ಟಾಗಲಿಲ್ಲ. ರಿಮೋಟ್ ಸ್ಟಾರ್ಟ್ ತನಗಲ್ಲ, ಅಮ್ಮಿಗೆ ಎಂದ. ಅಮ್ಮಿ ಅಮೀರಬಿಗೆ ದಮ್ಮಿನ ತೊಂದರೆ. ಬಿಸಿಲಲ್ಲಿ ಕಾದ ಕಾರಿನೊಳಗೆ ಕೂತರೆ ಉಸಿರು ಸಿಗದು. ಮೊದಲೇ ಎಂಜಿನ್ ಚಾಲೂ ಮಾಡಿ ಏಸಿ ಓಡಿಸಿದರೆ, ಅವರು ಬಂದು ಕೂರುವಷ್ಟರಲ್ಲಿ ತಂಪಾಗಿರುತ್ತದೆ.

‘ಅಮ್ಮನ ಹೆಸರು, ಮಗನ ಶೋಕಿ! ಇಂಥವರನ್ನು ಎಷ್ಟು ನೋಡಿಲ್ಲ ನಾನು...’ ಬುಶ್ರಾ ಮನಸ್ಸಿನಲ್ಲೇ ಮೂಗು ಮುರಿದಳು.

ಆದರೂ ಕೆಲಸದಲ್ಲಿ ಕಳ್ಳತನ ಗೊತ್ತಿಲ್ಲದ ಹುಡುಗಿ. ಅಚ್ಚುಕಟ್ಟಾಗಿ ಕೂರಿಸಿಕೊಟ್ಟಳು. ಗೇರು ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಬಾನೆಟ್ ಸರಿಯಾಗಿ ಮುಚ್ಚಿರಬೇಕು, ಇಲ್ಲದಿದ್ದರೆ ಚಾಲೂ ಆಗುವುದಿಲ್ಲ ಎಂದು ಪಾಠ ಒಪ್ಪಿಸಿದಂತೆ ಹೇಳಿದಳು. ಸಿಕಂದರ ರಸ್ತೆಯ ಆಚೆ ನಿಂತು ಬಟನ್ ಒತ್ತಿದ. ಕಾರು ಗುರ್ ಎಂದಿತು. ಅವನ ಮುಖ ಅರಳಿತು.

‘ಮಕ್ಕಳಿಗೆ ಆಟಿಕೆ ಸಿಕ್ಕ ಹಾಗೆ ನಗ್ತಾನೆ’ ಎಂದುಕೊಂಡಳು. ಆ ನಗು ಮಾತ್ರ ಸಂಜೆಯವರೆಗೂ ಕಣ್ಣೆದುರೇ ಇತ್ತು. ಅದಕ್ಕೂ ಅವನನ್ನೇ ಬೈದುಕೊಂಡಳು.

ಸ್ವಲ್ಪ ದಿನಕ್ಕೆ ಅವನು ವಾಪಸ್ ಬಂದ. ಮನೆಯಲ್ಲಿ ಒಮ್ಮೆ ಚಾಲೂ ಆಗುತ್ತದೆ, ಒಮ್ಮೆ ಆಗುವುದಿಲ್ಲ ಎಂದ. ಅಂಗಡಿಯೆದುರು ಒತ್ತಿ ನೋಡಿದರೆ ಒಂದೇ ಏಟಿಗೆ ಚಾಲೂ! ಬುಶ್ರಾ ರಿಮೋಟಿನ ಬ್ಯಾಟರಿ ಬದಲಿಸಿ ಕಳಿಸಿದಳು.

ಮತ್ತೆ ಬಂದ. ಮತ್ತೆ ಅದೇ ದೂರು. ಅಂಗಡಿಯೆದುರು ಮತ್ತೆ ಒಂದೇ ಏಟಿಗೆ ಚಾಲೂ. ಅವಳು ವೈರನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದಳು. ಫರೀದ ಗಲ್ಲೆಯ ಹತ್ತಿರ ಕೂತು, ಈ ಗಾಡಿ ಮತ್ತ ಬಂತಲ್ಲ ಎಂದು ಚಿಕ್ಕಪ್ಪನಿಗೆ ಕೇಳುವ ಹಾಗೆ ರಾಗ ಎಳೆದ.

ಬಟನ್ ಒತ್ತಿದರೆ ಗಾಡಿಯ ಲೈಟು ಪಕ್ ಪಕ್ ಅಂತ ಹತ್ತಿ ಆರಿ ಸುಮ್ಮನಾಗುತ್ತದೆ ಎಂದು ಸಿಕಂದರ ಹೇಳಹೊರಟ. ಅವಳು ನಡುವೆಯೇ ಬಾಯಿ ಹಾಕಿ, ಲೈಟು ಇರುವುದೇ ಹತ್ತಿ ಆರುವುದಕ್ಕೆ ಎಂದಳು. ಎಷ್ಟು ಸಲ ಹತ್ತಿತು ಎಂದು ಕೇಳಲಿಲ್ಲ. ಮೊದಲು ಕೇಳಬೇಕಾದ್ದೇ ಅದು! ಯಾಕೆ ಚಾಲೂ ಆಗಲಿಲ್ಲ ಎಂಬುದನ್ನು ಆ ಯಂತ್ರ ಲೈಟಿನ ಲೆಕ್ಕದಲ್ಲೇ ಹೇಳುತ್ತದೆ. ಬುಶ್ರಾಗೆ ಅದು ಚೆನ್ನಾಗಿ ಗೊತ್ತು. ಆದರೆ ಎದುರಿಗಿದ್ದವನನ್ನು ಹೀಗಳೆಯುವ ಭರದಲ್ಲಿ ಅಷ್ಟು ದೊಡ್ಡ ಜಾಣೆ ಅಷ್ಟು ಸಣ್ಣ ಪ್ರಶ್ನೆಯನ್ನು ಮರೆತಳು.

ಅವನು ಇನ್ನೊಮ್ಮೆ ಬಂದಾಗ ಶುಕ್ರವಾರ. ಜುಮ್ಮಾ ನಮಾಜು ಮುಗಿಸಿ ಬಂದವರು ಪಕ್ಕದ ಗಾಡ್ಯ ಎಂಬ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರು. ಕಾರು ಈ ಸಲವೂ ಒಂದೇ ಏಟಿಗೆ ಚಾಲೂ ಆಯಿತು. ಬುಶ್ರಾಳ ತಲೆ ಕೆಟ್ಟಿತು.

“ಗಾಡಿಗೆ ಏನೂ ಆಗಿಲ್ರಿ. ಕೆಟ್ಟಿದ್ದು ನಿಮ್ಮ ಕಣ್ಣು. ಹುಡುಗಿ ಇರೂ ಅಂಗಡಿ ಅಂತ ನೆವ ಮಾಡ್ಕೊಂಡು ಬರಾಕತ್ತೀರಿ. ನಾಚಿಕಿ ಆಗಬೇಕು.”

ಚಹಾದ ಲೋಟಗಳು ಬಾಯಿಯ ಹತ್ತಿರವೇ ನಿಂತವು. ಸಿಕಂದರನ ಕಿವಿ ಕೆಂಪಾಯಿತು.

ಗೌಸಸಾಬರು ಎದ್ದು ಬಂದರು. ಮಗಳಿಗೆ ಸುಮ್ಮನಿರು ಎಂದರು. ಸಿಕಂದರನ ಹೆಗಲ ಮೇಲೆ ಕೈಯಿಟ್ಟು, ಖರೇ ಹೇಳು, ಅವಳ ಕೆಲಸವೇ ಸರಿಯಿಲ್ಲವೆಂದರೆ ನಾಳೆಯಿಂದ ಫರೀದ ಕೂರುತ್ತಾನೆ ಎಂದರು. ಫರೀದ ಆಗಲೇ ಕಾಲರ್ ಸರಿಮಾಡಿಕೊಂಡ, ನಾಚಿಕೆಗೆಟ್ಟವನು.

ಸಿಕಂದರ ಬುಶ್ರಾಳ ಕಡೆ ನೋಡಿದ. ಸಿಟ್ಟಿನ ಕೆಳಗೆ ಅವಳ ತುಟಿ ನಡುಗುತ್ತಿತ್ತು. ಅಂಗಡಿ ಹೋದರೆ ಈ ಹುಡುಗಿಗೆ ಏನು ಉಳಿಯುತ್ತದೆ ಎಂದು ಅವನಿಗೆ ಅರ್ಥವಾಯಿತು.

“ಅವ್ರ ಕೆಲಸದಾಗ ಏನೂ ಕಸರಿಲ್ಲ ಚಾಚಾ,” ಅಂದ. “ಗಾಡಿ ಚಲೋ ಐತಿ. ನಾನ... ನೆವ ಮಾಡ್ಕೊಂಡು ಬರತಿದ್ನಿ. ತಪ್ಪಾತು.”

ಹಸಿ ಸುಳ್ಳು! ಅವತ್ತು ಬೆಳಿಗ್ಗೆಯೂ ಆ ಕಾರು ರಿಮೋಟಿಗೆ ಜಪ್ಪಯ್ಯ ಎಂದಿರಲಿಲ್ಲ. ಆದರೂ ಅವಳ ಅಂಗಡಿ ಉಳಿಯಲಿ ಎಂದು ಅವನು ತನ್ನ ಮಾನವನ್ನು ಅಲ್ಲೇ, ಅಷ್ಟು ಜನರ ಮುಂದೆ ಬಿಟ್ಟುಕೊಟ್ಟು ಹೋದ.

ಬುಶ್ರಾಗೆ ಏನು ಅನ್ನಿಸಿತು ಗೊತ್ತೇ? ‘ನೋಡಿದೆಯಾ, ನಾನು ಹೇಳಿದ್ದೇ ಖರೇ ಆಯಿತು!’ ಎಂದು ಹೆಮ್ಮೆ! ಎಂಥ ಹೆಮ್ಮೆಯೋ!

ಸಿಕಂದರನ ಹೆಸರು ಕೆಟ್ಟಿತು. ಮಸೀದಿಯ ಬಾಗಿಲಲ್ಲಿ ಜನ ಅವನಿಗೆ ಮುಖ ಕೊಟ್ಟು ಮಾತಾಡುವುದು ಬಿಟ್ಟರು. ಮಗನ ಬಾಯಲ್ಲಿ ಹೆಸರು ಕೇಳಿ ಕೇಳಿ, ಬುಶ್ರಾಳನ್ನು ಸೊಸೆ ಮಾಡಿಕೊಳ್ಳಬೇಕೆಂದು ಅಮೀರಬಿ ಮೊದಲಿನಿಂದಲೂ ಕಂಡಕಂಡವರ ಹತ್ತಿರ ವಿಚಾರಿಸುತ್ತಿದ್ದರು. ಆ ಮಾತೂ ಅಲ್ಲಿಗೇ ನಿಂತಿತು.

ಅಂಗಡಿ ಉಳಿಯಿತು. ಆದರೆ ಬುಶ್ರಾಗೆ ಯಾಕೋ ಊಟ ಸೇರುತ್ತಿರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವನು ತಲೆ ತಗ್ಗಿಸಬೇಕಿತ್ತಲ್ಲ... ಅವನು ಯಾಕೆ ನನ್ನ ಮುಖ ನೋಡುತ್ತಲೇ ಹೇಳಿದ? ಅದೂ ಅಷ್ಟು ಮರುಕದಿಂದ?

ಒಂದು ಬೆಳಿಗ್ಗೆ ಅವಳು ಮೀನು ತರಲು ಕೊರ್ತಾಲಿಮ್ ಮಾರ್ಕೆಟ್ಟಿಗೆ ಹೋಗಿದ್ದಳು. ಬಿಸಿಲು ಆಗಲೇ ಸುಡುತ್ತಿತ್ತು. ಬಸ್ ಸ್ಟಾಪಿನ ನೆರಳಲ್ಲಿ ಅಮೀರಬಿ ಸೆರಗು ಬಾಯಿಗೆ ಹಿಡಿದು, ಎದೆ ಏಳುಬೀಳುತ್ತ ಉಸಿರೆಳೆಯುತ್ತಿದ್ದರು. ಪಕ್ಕದಲ್ಲಿ ನಿಂತ ಸಿಕಂದರ ದೂರದ ಕಾರಿನ ಕಡೆಗೆ ರಿಮೋಟ್ ಹಿಡಿದು ಒತ್ತುತ್ತಲೇ ಇದ್ದ. ಬುಶ್ರಾ ಬಂದದ್ದು ಅವನಿಗೆ ಕಾಣಲಿಲ್ಲ.

ಕಾರು ಚಾಲೂ ಆಗಲಿಲ್ಲ. ಲೈಟು ಹತ್ತಿ ಆರಿತು. ಹತ್ತಿ ಆರಿತು...

ಐದು ಸಲ.

ಐದು ಸಲ ಎಂದರೆ ಬಾನೆಟ್ ತೆರೆದಿದೆ ಎಂದರ್ಥ. ಅಮ್ಮಿಯ ದಮ್ಮು ಖರೇ. ಗಾಡಿಯ ದೋಷವೂ ಖರೇ. ಹಾಗಾದರೆ ಅವತ್ತು ಅವನು ಹೇಳಿದ್ದು?

ಸುಮ್ಮನೆ ಮನೆಗೆ ಹೋಗಬಹುದಿತ್ತು. ಯಾರೂ ನೋಡಿರಲಿಲ್ಲ. ಅಂಗಡಿ ಅವಳ ಕೈಯಲ್ಲೇ ಇರುತ್ತಿತ್ತು. ಈಗ ಆ ಬಾನೆಟ್ ಎತ್ತಿದರೆ ಸೋಲುವವಳು ಅವಳೇ.

ನೆಟ್ಟಗೆ ನಡೆದುಹೋಗಿ ಕಾರಿನ ಮುಂದೆ ನಿಂತಳು. ಸಿಕಂದರ ಬೆಚ್ಚಿದ. ನಾನು ನಿಮ್ಮ ಅಂಗಡಿಗೆ ಬಂದಿಲ್ಲವಲ್ಲ, ಇನ್ನೇನು ಎಂದು ಕೇಳಿದ. ಅವಳು ಬಾನೆಟ್ ಎತ್ತಿಸಿದಳು.

ಒಳಗೆ, ಅಂಚಿನಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟೊಂದು ಸಿಕ್ಕಿಕೊಂಡಿತ್ತು. ಬಿಚ್ಚಿದರೆ ಘಾಟು ಮೂಗಿಗೆ ಹೊಡೆಯಿತು. ತಂಬಾಕಿನ ಎಲೆ! ಬಾನೆಟ್ ಮುಚ್ಚಿದಾಗ ಒತ್ತಿಕೊಳ್ಳಬೇಕಾದ ಸಣ್ಣ ಗುಂಡಿಯೊಂದು ಅದರ ಪಕ್ಕದಲ್ಲೇ ಇತ್ತು. ಗಂಟಿನಿಂದಾಗಿ ಬಾನೆಟ್ ಕೂದಲೆಳೆಯಷ್ಟು ಮೇಲೆ ಉಳಿದು ಗುಂಡಿ ಒತ್ತುತ್ತಿರಲಿಲ್ಲ. ಗಂಟು ಸರಿದ ದಿನ ಚಾಲೂ, ಸರಿಯದ ದಿನ ಇಲ್ಲ.

ಸಿಕಂದರ ಕಣ್ಣು ಕಣ್ಣು ಬಿಟ್ಟ. ಅವನೆಂದೂ ಬಾನೆಟ್ ಎತ್ತಿ ನೋಡಿದ ಪುಣ್ಯಾತ್ಮನಲ್ಲ. ಮನೆಯಲ್ಲಿ ಹುಟ್ಟಿದಾಗಿನಿಂದ ಇದ್ದ ತಂಬಾಕಿನ ವಾಸನೆ, ಕಾರಿನಲ್ಲಿ ಬಂದರೆ ಮೂಗಿಗೆ ತಿಳಿಯುವುದಾದರೂ ಹೇಗೆ?

ಅಷ್ಟರಲ್ಲಿ ಅಮೀರಬಿ ಏದುಸಿರು ಬಿಡುತ್ತ ಬಂದರು. ಬುಶ್ರಾಳ ಕೈಯಲ್ಲಿ ಗಂಟು ಕಂಡು ಅವರ ಮುಖ ಬಿಳಿಚಿತು. ಹರೆಯದಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದವರು ಅವರು. ತಂಬಾಕಿದ್ದ ಕಡೆ ಇಲಿ ಸುಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಸಾಂಕೋಲೆಯ ಗುಡ್ಡದ ಇಲಿಗಳು ಮಗನ ಗಾಡಿಯ ವೈರು ಕಡಿಯದಿರಲಿ ಎಂದು ತಾವೇ ಇಟ್ಟಿದ್ದರು. ಅಂಗಡಿಗೆ ಹೋಗುವ ದಿನ ಮಾತ್ರ ಮಗನಿಗೂ ತಿಳಿಯದಂತೆ ತೆಗೆದಿಡುತ್ತಿದ್ದರು.

ತೆಗೆಯುತ್ತಿದ್ದುದು ಯಾಕೆ ಎಂದು ಬುಶ್ರಾ ಕೇಳಿದಳು. ಧ್ವನಿ ಅವಳಿಗೇ ಕೇಳದಷ್ಟು ಸಣ್ಣಗಿತ್ತು.

“ನೀ ನೋಡಿದ್ರ ನಗತೀದಿ ಅಂತ ಬೇಟಿ,” ಅಂದರು ಅಮೀರಬಿ. “ಎಲ್ಲಾರ ಗಾಡ್ಯಾಗಿಂದು ತಗದು ನಗತೀದಿ ಅಂತ ಕೇಳಿದ್ನಿ. ನಾಳೆ ಸೊಸಿಯಾಗಿ ಬರೂ ಹುಡುಗಿ, ಅತ್ತಿ ಹಳ್ಳಿ ಗೊಡ್ಡು ಅಂತ ತಿಳಕೋಬಾರದು ಅಂತ...”

ಬುಶ್ರಾ ದೋಷ ಹುಡುಕಿ ಹುಡುಕಿ ಸೋತಿದ್ದಳಲ್ಲ, ಆ ದೋಷವನ್ನು ಅವಳಿಂದ ಬಚ್ಚಿಡಿಸಿದ್ದೇ ಅವಳ ನಗು! ಇಷ್ಟು ದಿನ ಯಾರ್ಯಾರನ್ನೋ ಕಡಿಮೆ ಮಾಡಿದಳು. ಈಗ ಈ ಹಣ್ಣು ಹಣ್ಣು ಮುದುಕಿ ಅವಳೆದುರು ತಪ್ಪು ಮಾಡಿದವರಂತೆ ನಿಂತಿದ್ದರು.

ಅವಳು ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟಿದಳು. ಗುಂಡಿಗೆ ತಾಗದಂತೆ, ಬ್ಯಾಟರಿಯ ಆಚೆ ಮೂಲೆಯಲ್ಲಿ ತಾನೇ ಇಟ್ಟಳು. ಬಾನೆಟ್ ಮುಚ್ಚಿದಳು. ಸಿಕಂದರ ಒತ್ತಿದ. ಕಾರು ಚಾಲೂ ಆಯಿತು. ತಂಪಾದ ಮೇಲೆ ಅಮೀರಬಿಯನ್ನು ಕೈಹಿಡಿದು ಕೂರಿಸಿ, ಶುಕ್ರವಾರ ಇಬ್ಬರೂ ಅಂಗಡಿಗೆ ಬರಬೇಕು ಎಂದಷ್ಟೇ ಹೇಳಿ ಹೋದಳು. ಮೀನು ಕೊಳ್ಳುವುದನ್ನೇ ಮರೆತಳು.

ಶುಕ್ರವಾರ ಅದೇ ಜನ, ಅದೇ ಚಹಾ. ಬುಶ್ರಾ ಅಪ್ಪನ ಎದುರು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅಬ್ಬಾ, ಇವ್ರ ಗಾಡಿ ಖರೇನ ಕೆಟ್ಟಿತ್ತು. ದೋಷ ನನಗ ಸಿಗಲಿಲ್ಲ. ಲೈಟ್ ಐದ ಸಲ ಹತ್ತಿ ಆರತಿತ್ತು, ಎಷ್ಟ ಸಲ ಅಂತ ಕೇಳೂದು ಬಿಟ್ಟು ಇವ್ರ ಮಾನ ತಗದೆ. ನನ್ನ ಅಂಗಡಿ ಉಳೀಲಿ ಅಂತ ಇವ್ರು ಸುಳ್ಳು ಹೇಳ್ಯಾರ. ಅಂಗಡಿ ಫರೀದಗ ಕೊಡೂದಿದ್ರ ಕೊಡ್ರಿ. ಇವ್ರ ಹೆಸರಿಗೆ ಹತ್ತಿದ ಕೆಸರು ಮಾತ್ರ ಇವತ್ತ ಹೋಗಬೇಕು.”

ಹೇಳುವಾಗ ಕಣ್ಣೀರು ಬಂತು. ಒರೆಸಿಕೊಳ್ಳಲಿಲ್ಲ.

ಗೌಸಸಾಬರು ಫರೀದನ ಕಡೆ ತಿರುಗಿ, ಲೈಟು ಐದು ಸಲ ಹತ್ತಿ ಆರಿದರೆ ಏನು ಕೆಟ್ಟಿರುತ್ತದೆ ಎಂದು ಕೇಳಿದರು. ಫರೀದ ಗಂಭೀರವಾಗಿ ಯೋಚಿಸಿ, ಬಲ್ಬು ಎಂದ. ಚಹಾ ಕುಡಿಯುತ್ತಿದ್ದವರೊಬ್ಬರಿಗೆ ಕೆಮ್ಮು ಬಂತು.

ಗೌಸಸಾಬರು ಗಲ್ಲೆಯ ಕೀಲಿ ತೆಗೆದು ಮಗಳ ಕೈಗಿಟ್ಟರು. ಮಾಡಿದ ತಪ್ಪನ್ನು ತಾನೇ ಹೇಳುವವರ ಹತ್ತಿರ ಗಿರಾಕಿ ಗಾಡಿ ಬಿಟ್ಟುಹೋಗಲು ಹೆದರುವುದಿಲ್ಲ ಎಂದಷ್ಟೇ ಅಂದರು. ಆಮೇಲೆ ಸಿಕಂದರನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಂದ್ರ ನೀ ಅವತ್ತ ಅಂದಿದ್ದೆಲ್ಲ ಸುಳ್ಳನ?”

“ನೆವ ಅಂದಿದ್ದು ಸುಳ್ಳು ಚಾಚಾ,” ಸಿಕಂದರ ತಡವರಿಸಿದ. “ಬಂದಾಗೆಲ್ಲ ಅವ್ರನ್ನ ನೋಡತಿದ್ದದ್ದು... ಖರೇ.”

ಗೌಸಸಾಬರು ಕೆಮ್ಮಿ, ಅಮೀರಬಿಗೆ ಚಹಾ ಹೇಳುವ ನೆಪದಲ್ಲಿ ಗಾಡ್ಯದ ಕಡೆ ನಡೆದರು. ಅಮೀರಬಿ ನಗು ತಡೆಯುತ್ತ ಹಿಂದೆ ಹೋದರು. ಫರೀದನಿಗೆ ಯಾರೂ ಏನೂ ಹೇಳಲಿಲ್ಲ, ಅವನೇ ಎದ್ದು ಹೋದ.

ಅಂಗಡಿಯಲ್ಲಿ ಇಬ್ಬರೇ ಉಳಿದರು.

“ಅಷ್ಟ ಅನ್ನಿಸ್ಕೊಂಡ ಮ್ಯಾಲೂ ಯಾಕ್ರಿ...?” ಎಂದಳು ಬುಶ್ರಾ.

“ಬಾಯಿ ಬೈತಿತ್ತು ಖರೇ. ಕೈ ಮಾತ್ರ ನನ್ನ ಹಳೇ ಗಾಡೀನ ಭಾಳ ಮೆತ್ತಗ ಹಿಡೀತಿತ್ತು. ನಾ ಕೈನ ನೋಡಕೋತ ನಿಂದರತಿದ್ನಿ.”

ಅವಳು ಗ್ರೀಸ್ ಹತ್ತಿದ ಕೈಗಳನ್ನು ಓಢಣಿಯೊಳಗೆ ಎಳೆದುಕೊಂಡಳು. ಅಯ್ಯೋ, ಈ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ! ನನ್ನ ನಾಲಿಗೆ ಮನೆಯಲ್ಲೂ ಸುಮ್ಮನಿರುವುದಿಲ್ಲ, ಅಂಗಡಿಯನ್ನೂ ಬಿಡುವುದಿಲ್ಲ ಎಂದು ಬಡಬಡಿಸಿದಳು. ಅವನು ಎಲ್ಲದಕ್ಕೂ ತಲೆಯಾಡಿಸಿದ.

“ಹಂಗಾರ ನಾಳೆ ಅಮ್ಮೀನ ನಿಮ್ಮ ಮನಿಗೆ ಕಳಸ್ಲೇನ್ರಿ, ಮಾತಾಡಾಕ?”

ಬುಶ್ರಾ ಗಾಡ್ಯದ ಕಡೆ ನೋಡಿದಳು. ಅಮೀರಬಿ ಬೆಂಚಿನ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು.

“ಇಷ್ಟ ದೂರ ಬಂದಾರ,” ಎಂದಳು ನಾಚುತ್ತ. “ಇವತ್ತ ಕರಕೊಂಡು ಬರ್ರಿ.”