ಗುದ್ಲೆಪ್ಪನ ಚಾಳಿನ ತತ್ತಿ

"ಅದನ್ನ ಮುಟ್ಟಬ್ಯಾಡ್ರಿ ಅಳಿಯಾರ. ಕೈ ಮುಗೀತೇನಿ, ಮುಟ್ಟಬ್ಯಾಡ್ರಿ."

ಗಾದಿ ಹೊಲಿಯುವ ಕರೀಮಸಾಬ ಹಾಗೆಂದಾಗ ಬೆಳಗಿನ ಎಂಟು ಗಂಟೆ. ಅಂದು ಅಮಾವಾಸ್ಯೆ. ಶಿಗ್ಗಾಂವಿಯ ಆ ಚಾಳಿನ ಮಂದಿಯೆಲ್ಲ ಮೂರನೆಯ ಖೋಲಿಯೆದುರು ಗುಂಪುಗಟ್ಟಿ ನಿಂತಿದ್ದರು. ಯಾರೊಬ್ಬರೂ ಬಾಗಿಲ ಸಮೀಪಕ್ಕೆ ಬರುತ್ತಿರಲಿಲ್ಲ. ಹೊಸ್ತಿಲ ನಡುಮಧ್ಯೆ ಹರಿದ ಬಾಳೆ ಎಲೆಯ ತುಂಡು, ಅದರ ಮೇಲೆ ಒಂದು ಕೋಳಿ ತತ್ತಿ. ಅರಿಷಿಣ ಬಳಿದು, ಕುಂಕುಮ ಮೆತ್ತಿ, ಕಪ್ಪು ದಾರದೊಂದಿಗೆ ಯಾರದೋ ನರೆತ ಉದ್ದ ಕೂದಲನ್ನು ಹೊಸೆದು ಸುತ್ತಲೂ ಬಿಗಿದಿದ್ದರು. ಪಕ್ಕದಲ್ಲಿ ಹಿಂಡಿದ ನಿಂಬೆಹಣ್ಣು. ಇರುವೆಗಳು ಎಲೆಯ ಅಂಚಿನವರೆಗೆ ಸಾಲುಗಟ್ಟಿ ಬಂದು, ಅಲ್ಲಿಂದಲೇ ಹಿಂದಿರುಗುತ್ತಿದ್ದವು.

ಮೈಲಾರಲಿಂಗ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕ. ಅವನು ಆ ಚಾಳಿಗೆ ಬಂದು ಇನ್ನೂ ಮೂರು ವಾರ. ಮಾವ ಗುದ್ಲೆಪ್ಪ ಹಾನಗಲ್ಲಿನವನು. ಅಡಿಕೆ ವ್ಯಾಪಾರದಲ್ಲಿ ದುಡಿದದ್ದನ್ನೆಲ್ಲ ತಂದು ಶಿಗ್ಗಾಂವಿಯಲ್ಲಿ ಈ ಆರು ಖೋಲಿಗಳಿಗೆ ಸುರಿದಿದ್ದ. ಐದರಲ್ಲಿ ಬಾಡಿಗೆಯವರು, ಆರನೆಯದರಲ್ಲಿ ಈಗ ಮೈಲಾರಲಿಂಗ. ಹಿರೇಕೆರೂರಿನಲ್ಲಿ ತಾನೂ ಏಳು ವರ್ಷ ಬಾಡಿಗೆಯ ಮನೆಯಲ್ಲಿದ್ದವನು ಅವನು. ಮನೆಯೊಡೆಯ ಒಂದು ಸಂಜೆ ಪಾತ್ರೆ ಪಡಗಗಳನ್ನೆಲ್ಲ ಬೀದಿಗೆ ಇಡಿಸಿದಾಗ, ಹೆಂಡತಿ ಮಂಜುಳಾ ನೆರೆಹೊರೆಯವರ ಮುಂದೆ ಒಳ ಉಡುಪುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಆ ನೋಟ ಅವನ ಕಣ್ಣಿನಿಂದ ಹೋಗಿರಲಿಲ್ಲ. ಆಗಲೇ ಮಾವ ಕರೆ ಕಳಿಸಿದ್ದ. "ಹಳೇ ಮಂದೀನ ಎಬ್ಬಿಸಿ ಕೊಡ್ರಿ ಅಳಿಯಾರ. ಕಡೀ ಖೋಲಿ ನಿಮ್ಮ ಹೆಸರಿಗೆ ಬರದು ಕೊಡ್ತೇನಿ. ಸಾಯೂತನಕ ನಿಮಗ ಯಾರೂ ಖಾಲಿ ಮಾಡು ಅನ್ನಂಗಿಲ್ಲ."

ಹಿಂದಿನ ಭಾನುವಾರ ಅಂಗಳದಲ್ಲಿ ಮಾತುಕತೆ ನಡೆದಿತ್ತು. ಹದಿನೆಂಟು ನೂರಿದ್ದ ಬಾಡಿಗೆ ಒಂದನೇ ತಾರೀಖಿನಿಂದ ನಾಲ್ಕೂವರೆ ಸಾವಿರ ಎಂದು ಮೈಲಾರಲಿಂಗ ಹೇಳಿದ್ದ. ಸಿಮೆಂಟು ಏರಿದೆ, ಮನೆ ತೆರಿಗೆ ಏರಿದೆ, ಗೊಟಗೋಡಿಯ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಹುಡುಗರು ನಾಲ್ವರು ಸೇರಿ ಇಂಥದೇ ಖೋಲಿಗೆ ಐದು ಸಾವಿರ ಎಣಿಸುತ್ತಾರೆ. ಮನೆಯೊಡೆಯ ಯಾಕೆ ಬಿಡಬೇಕು?

"ಎಲ್ಲಾ ಏರೇತಿ, ಖರೆ," ಎಂದಿದ್ದಳು ಮೂರನೆಯ ಖೋಲಿಯ ಶಾರವ್ವ. "ನನ್ನ ಪಗಾರ ಏರಿಲ್ರಿ. ತಗಡು ಸೋರ್ತೈತಿ, ಆರು ಮನಿಗೆ ಒಂದ ಸಂಡಾಸ. ಆರು ವರ್ಷದಾಗ ಒಂದ್ ಸಲ ಸುಣ್ಣ ಹೊಡಿಸಿಲ್ಲ. ಏರಿಸೂದು ಯಾತಕ್ಕಂತ?"

"ನಿನಗ ಪರವಡದಿದ್ರ ಖೋಲಿ ಬಿಡು," ಎಂದಿದ್ದ ಮೈಲಾರಲಿಂಗ. "ಇರು ಅಂತ ಕೈ ಹಿಡಿದು ಜಗ್ಗೇನೇನು?"

"ಎಲ್ಲಿಗೆ ಹೋಗ್ಲಿ ಹೇಳ್ರಿ. ಊರಾಗ ಬ್ಯಾರೇ ಖೋಲಿ ಕೇಳಿದ್ರ ಮೊದಲು ಬಾಡಿಗಿ ಹೇಳ್ತಾರ. ಆಮ್ಯಾಲ ಯಾವ ಮಂದಿ ಅಂತ ಕೇಳಿ, ಇಲ್ಲ ಅಂತಾರ."

ಶಾರವ್ವ ಮಾಸೂರಿನವಳು. ಖಾನಾವಳಿಯಲ್ಲಿ ರೊಟ್ಟಿ ಬಡಿದು ಮಗಳು ಮಧುಶ್ರೀಯನ್ನು ಓದಿಸುತ್ತಿದ್ದಳು. ಅವಳ ಖೋಲಿಯ ಗೋಡೆಯ ಮೇಲೆ ಬುದ್ಧನ ಚಿತ್ರ, ಪಕ್ಕದಲ್ಲಿ ಬಾಬಾಸಾಹೇಬರದು. ಅವಳು ಕದಲದಿದ್ದರೆ ಉಳಿದವರೂ ಕದಲುವುದಿಲ್ಲವೆಂದು ಮೈಲಾರಲಿಂಗನಿಗೆ ಅಂದೇ ಗೊತ್ತಾಗಿತ್ತು. ಈಗ ಅವಳದೇ ಬಾಗಿಲಲ್ಲಿ ಈ ತತ್ತಿ.

ಶಾರವ್ವ ಹೊಸ್ತಿಲ ಒಳಗೆ ಕಸಬರಿಗೆ ಹಿಡಿದು ನಿಂತಿದ್ದಳು. "ಮಾಟಾ ಗೀಟಾ ನಾವು ನಂಬೂದಿಲ್ರಿ. ಆದ್ರ ಯಾರೋ ನಮ್ಮನ್ನ ಓಡ್ಸಾಕ ಹೊಲಸು ಕೆಲಸ ಮಾಡ್ಯಾರ. ಸರೀರಿ, ಬಳದು ಗಟಾರಕ್ಕ ಹಾಕ್ತೇನಿ."

"ನಾಟಕ ಸಾಕು," ಎಂದ ಮೈಲಾರಲಿಂಗ. "ನೀವ ಇಟ್ಟು, ನೀವ ಹೆದರಿಕೊಂಡು, ಬಾಡಿಗಿ ಮುಂದಕ್ಕ ಹಾಕೂ ಹಂಚಿಕಿ. ನನಗ ತಿಳಿಯಂಗಿಲ್ಲೇನು?"

ಗರಡಿಯಲ್ಲಿ ಬೆಳೆದ ಮೈ ಅವನದು. ಹುಡುಗನಾಗಿದ್ದಾಗಿಂದ ಬೆಳಿಗ್ಗೆ ಎರಡೆರಡು ಹಸಿ ತತ್ತಿ ಗಂಟಲಿಗೆ ಸುರಿದುಕೊಂಡವನು. ಬಗ್ಗಿ ತತ್ತಿಯನ್ನೆತ್ತಿದ. ದಾರವನ್ನೂ ಕೂದಲನ್ನೂ ಉಗುರಿನಿಂದ ಕಿತ್ತೆಸೆದ. ಕರೀಮಸಾಬ "ಯಾ ಅಲ್ಲಾ" ಎನ್ನುವಷ್ಟರಲ್ಲಿ ಹೊಸ್ತಿಲ ಕಲ್ಲಿಗೆ ಕುಟ್ಟಿ ಬಾಯಿ ತೆರೆದು ಸುರಿದುಕೊಂಡ.

ಗಂಟಲಿಗಿಳಿದದ್ದು ತತ್ತಿಯಂತಿರಲಿಲ್ಲ. ಬಾವಿಯ ತಳದ ಕೆಸರಿನಷ್ಟು ತಣ್ಣಗಿತ್ತು. ಹಳದಿಯ ಜಾಗದಲ್ಲಿ ಏನೋ ಗಂಟು. ಅದು ಜಾರುವಾಗ ಗಂಟಲ ಗೋಡೆಯನ್ನು ಹಿಡಿದು ಹಿಡಿದು ಇಳಿಯಿತು. ಅದರ ಹಿಂದೆ ಎಳೆಯೊಂದು ನಾಲಿಗೆಯ ಮೇಲೆ ಉದ್ದಕ್ಕೆ ಹರಿದುಹೋಯಿತು. ಆದರೂ ಮೈಲಾರಲಿಂಗ ಮೀಸೆ ಒರೆಸಿಕೊಂಡು, "ಉಪ್ಪು ಕಡಿಮಿ ಆಗೇತಿ," ಎಂದ. ಯಾರೂ ನಗಲಿಲ್ಲ.

ಹತ್ತು ಗಂಟೆಗೆ ಅವನು ತನ್ನ ಖೋಲಿಯಲ್ಲಿ ಉಣ್ಣಲು ಕುಳಿತ. ಅಮಾವಾಸ್ಯೆಯ ಪೂಜೆಗೆಂದು ಮಂಜುಳಾ ತವರಿಗೆ ಹೋಗಿದ್ದಳು. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಮೊದಲ ತುತ್ತಿಗೇ ಸತ್ತ ಇಲಿಯ ವಾಸನೆ ಬಡಿಯಿತು. ಮಂಚದ ಅಡಿ ನೋಡಿದ. ಡಬ್ಬಿಗಳ ಹಿಂದೆ ನೋಡಿದ. ವಾಸನೆ ಮೇಲಿನಿಂದ ಇಳಿಯುತ್ತಿತ್ತು. ತಲೆಯೆತ್ತಿದರೆ ಒಣ ಬಿಸಿಲಿನ ದಿನದಲ್ಲೂ ತಗಡು ಬೆವೆತಿತ್ತು. ಹನಿಯೊಂದು ಮೊಸರಿಗೆ ಬಿದ್ದು ಕಂದು ವರ್ತುಲವಾಗಿ ಹರಡಿತು. ಓಡಿಹೋಗಿ ಬಚ್ಚಲಲ್ಲಿ ಕಾರಿದ.

ರೊಟ್ಟಿಯ ಜೊತೆ ಕೂದಲು ಬಂತು. ನರೆತ ಕೂದಲು, ಲೋಳೆಯಲ್ಲಿ ಅದ್ದಿದ ಹುರಿಯ ಹಾಗೆ, ಮೊಳದುದ್ದ.

ತತ್ತಿಗೆ ಸುತ್ತಿದ್ದನ್ನು ತಾನೇ ಕಿತ್ತು ಎಸೆದಿದ್ದೆನಲ್ಲ ಎಂದು ನೆನಪಾಯಿತು. ಹೊರಗೆ ಬಂದು ಬಿಸಿಲಲ್ಲಿ ನಿಂತ. ತಕ್ಷಣ ಹೊಟ್ಟೆ ತಣ್ಣಗಾಯಿತು, ವಾಸನೆ ಇಲ್ಲ. ಮತ್ತೆ ಒಳಗೆ ಹೆಜ್ಜೆಯಿಟ್ಟ. ಮತ್ತೆ ಬಂತು.

ದವಾಖಾನೆಗೆ ಹೋದ. ಹೊರಗಿನ ಕಟ್ಟೆಯ ಮೇಲಿರುವತನಕ ಆರಾಮವಾಗಿದ್ದವನು, ಡಾಕ್ಟರರ ಕೋಣೆಗೆ ಕಾಲಿಟ್ಟೊಡನೆ ಅವರ ಮೇಜಿನ ಮೇಲೆಯೇ ಕಾರಿದ. ಡಾಕ್ಟರರು ಕುರ್ಚಿ ಹಿಂದಕ್ಕೆ ತಳ್ಳಿ, ಆ ಕೂದಲ ಮುದ್ದೆಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, "ಕೂದಲಾ ತಿನ್ನೂ ಚಟ ಐತೇನ್ರಿ ನಿಮಗ?" ಎಂದು ಕೇಳಿದರು. ಅವನು ಬಾಯಿ ಒರೆಸಿಕೊಳ್ಳುತ್ತ ಹೊರಬಿದ್ದ. ಚಹಾದಂಗಡಿಯ ತಗಡಿನ ಕೆಳಗೆ ನಿಂತ. ಅಲ್ಲೂ ಅದೇ. ಗುಡಿಯ ಪೌಳಿಯಲ್ಲೂ ಅದೇ. ಊರಿನಲ್ಲಿ ಎಷ್ಟು ಸೂರುಗಳಿವೆಯೆಂದು ಅವನು ಅಲ್ಲಿಯತನಕ ಗಮನಿಸಿಯೇ ಇರಲಿಲ್ಲ.

ಬೈಕು ಹತ್ತಿ ಹಾನಗಲ್ಲಿನ ದಾರಿ ಹಿಡಿದ. ಬಯಲಿನ ಗಾಳಿಗೆ ಒಂದು ತಾಸು ಸುಖವಾಗಿತ್ತು. ವಿಷಬಾಧೆಯಿರಬೇಕು, ಇಳಿದಿದೆ ಎಂದುಕೊಂಡ. ಮಾವನ ಮೂರಂತಸ್ತಿನ ಮನೆಯ ಪಡಸಾಲೆಗೆ ನಗುತ್ತಲೇ ಕಾಲಿಟ್ಟ. ಮೂರು ಅಂತಸ್ತಿನ ಭಾರವೂ ಒಮ್ಮೆಗೇ ಹೊಟ್ಟೆಯ ಮೇಲೆ ಕುಳಿತಂತಾಯಿತು. ಮಿರುಗುವ ಕರಿಕಲ್ಲಿನ ನೆಲದ ಮೇಲೆ ಮೊಣಕಾಲೂರಿ ಕಾರಿದ. ಈ ಸಲ ಕೂದಲಿನಲ್ಲಿ ಸಿಕ್ಕಿಕೊಂಡು ಉಗುರುಗಳಿದ್ದವು. ಅವನವಲ್ಲ. ಹಳದಿಗಟ್ಟಿದ, ಮುದಿ ಉಗುರುಗಳು.

ಅತ್ತೆ ಸುಶೀಲವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮಂಜುಳಾ ಓಡಿಬಂದು ಅವನ ಬೆನ್ನು ನೀವಿದಳು. ಗುದ್ಲೆಪ್ಪ ಮಾತ್ರ ಬಗ್ಗಿ ಆ ಕೂದಲನ್ನೇ ನೋಡುತ್ತಿದ್ದ. ಅವನ ಬಾಯೊಳಗಿನ ಎಲೆ ಅಡಿಕೆ ಅಲ್ಲಿಯೇ ನಿಂತಿತು.

"ಮೂರನೇ ಖೋಲಿ ಮುಂದಿಂದು... ಮುಟ್ಟೀರೇನು?"

"ತಿಂದೆ," ಎಂದ ಮೈಲಾರಲಿಂಗ. ಆಮೇಲೆ ನಿಧಾನಕ್ಕೆ ತಲೆಯೆತ್ತಿದ. "ಮೂರನೇ ಖೋಲಿ ಅಂತ ನಿಮಗ ಹೆಂಗ ಗೊತ್ತು?"

ಗುದ್ಲೆಪ್ಪ ಅವನ ಕಣ್ಣು ತಪ್ಪಿಸಿದ. "ನಾನ ಇಟ್ಟು ಬಂದೆ, ಮೊದಲನೇ ಬಸ್ಸಿಗೆ. ಅದನ್ನ ದಾಟಿದವರು ತಿಂಗಳದಾಗ ಮನಿ ಬಿಟ್ಟು ಹೋಗ್ತಾರಂತ ಮಾಟ ಮಾಡಿಕೊಟ್ಟವ ಹೇಳಿದ್ದ. ಕೋರ್ಟು ಕಚೇರಿ ಅಂತ ಯಾರು ಅಡ್ಡಾಡ್ತಾರ ಅಳಿಯಾರ? ನಿಮಗ ಹೇಳಿದ್ರ ನಗ್ತಿದ್ರಿ."

ಮಾಟ ಮಾಡಿಕೊಟ್ಟವನಿಗೆ ಅವನು ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದ. ಆ ಕಡೆಯ ದನಿಯಲ್ಲಿ ಗಾಬರಿಯಿರಲಿಲ್ಲ. ನಿದ್ದೆಯಿಂದ ಎದ್ದವನ ಬೇಸರವಷ್ಟೇ ಇತ್ತು.

"ದಾಟಿದ್ರ ಒಂದು ಮನಿ ಬಿಡ್ತಿದ್ದ. ಮುಟ್ಟಿದ್ರ ಬಿಡಿಸಿ ಕೊಡ್ತಿದ್ದೆ. ತಿಂದಾನಂದ್ರ ನನ್ನ ಕೈಯಾಗಿಲ್ಲ. ಅವನ್ನ ಯಾವ ಸೂರೂ ಇಟಗೊಳ್ಳಂಗಿಲ್ಲ."

ಫೋನು ಕಟ್ಟಾಯಿತು. ಮೈಲಾರಲಿಂಗ ಮತ್ತೆ ಕಾರಿದ. ಗುದ್ಲೆಪ್ಪ ಧೋತರದ ಚುಂಗನ್ನು ಮೂಗಿಗೊತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ಮೊದಲು ಹೊರಗ ನಡೀರಿ. ನೆಲದ ಕಲ್ಲಿಗೆ ಕಲೆ ಬೀಳ್ತೈತಿ." ಆಮೇಲೆ ನಿಜವಾದ ಸಂಕಟದಿಂದ ಕೇಳಿದ: "ಅಂದಮ್ಯಾಲ ಆ ಶಾರವ್ವ ದಾಟಲೇ ಇಲ್ಲೇನು?"

ಸುಶೀಲವ್ವ ಫಿನಾಯಿಲ್ ಬಾಟಲಿ ತಂದಳು. ಅಳಿಯ ಇನ್ನೂ ನೆಲದ ಮೇಲಿರುವಾಗಲೇ ಅವನ ಸುತ್ತ ಸುರಿಯತೊಡಗಿದಳು.

ಸಿಟ್ಟು ಅವನನ್ನು ಶಿಗ್ಗಾಂವಿಗೆ ಮರಳಿ ತಂದಿತು. ಮಾವನ ಮೇಲಿನ ಸಿಟ್ಟಿಗಿಂತ ತನ್ನ ಮೈಯ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಮಧ್ಯಾಹ್ನ ಮೂರು ಗಂಟೆ. ಚಾಳಿನವರ ಮುಂದೆಯೇ ತನ್ನ ಖೋಲಿಯ ಬಾಗಿಲನ್ನು ದಡಾರನೆ ತೆರೆದ.

"ಇದು ನನ್ನ ಮನಿ," ಎಂದು ಕೂಗಿದ. "ಒಂದು ಹೊಟ್ಟಿಬ್ಯಾನಿಗೆ ಹೆದರಿ ಬಿಡ್ತೇನೇನು?"

ಒಳಗೆ ಹೋಗಿ ಅಗಳಿ ಹಾಕಿದ. ಕಿಟಕಿ ಮುಚ್ಚಿದ. ಮಂಚದ ಮೇಲೆ ಕುಳಿತು ಹಲ್ಲು ಕಚ್ಚಿದ.

ಕರೆಂಟು ಹೋಯಿತು. ಹಗಲೇ ಕತ್ತಲಾಯಿತು. ತಗಡಿನಿಂದ ಹನಿ ಬಿತ್ತು. ಹೆಗಲ ಮೇಲೊಂದು. ಕುತ್ತಿಗೆಯ ಮೇಲೊಂದು. ಬೆಚ್ಚಗೆ, ಜಿಗುಟಾಗಿ. ಕೊಳೆತ ಮಾಂಸದ ವಾಸನೆ ಮೂಗು ತುಂಬಿತು. ಗೋಡೆಯೊಳಗೆ ಏನೋ ಉಸಿರೆಳೆದುಕೊಂಡಿತು. ಅವನು ಗೋಡೆ ಮುಟ್ಟಿದ. ಗೋಡೆ ಮೆತ್ತಗಿತ್ತು. ಕೈ ಹಿಂದಕ್ಕೆಳೆದ. ಅಂಗೈಗೆ ಲೋಳೆ ಮೆತ್ತಿತ್ತು. ಗೋಡೆ ಹಿಂಡಿಕೊಂಡಿತು. ಮತ್ತೆ ಹಿಂಡಿಕೊಂಡಿತು. ವಾಂತಿಗೆ ಮೊದಲು ಹೊಟ್ಟೆ ಹಿಂಡಿಕೊಳ್ಳುವ ಹಾಗೆ. ಆಗ ಅವನಿಗೆ ಅರ್ಥವಾಯಿತು. ಕಾರುತ್ತಿದ್ದವನು ತಾನಲ್ಲ. ಮನೆ. ಮನೆ ತನ್ನನ್ನು ಕಾರಲು ನೋಡುತ್ತಿತ್ತು. ಬಾಗಿಲಿಗೆ ತಾನೇ ಅಗಳಿ ಹಾಕಿದ್ದ.

ಎದ್ದ. ಜಾರಿ ಬಿದ್ದ. ನೆಲ ತುಂಬ ಕೂದಲು. ಕಾಲಿಗೆ ಸುತ್ತಿತು. ಗಂಟಲಿನಿಂದ ಹೊರಟದ್ದು ಅರ್ಧಕ್ಕೆ ನಿಂತಿತು. ಉಸಿರಿಲ್ಲ. ಅಗಳಿ ಕೈಗೆ ಸಿಗಲಿಲ್ಲ. ತಗಡು ತಲೆಗೆ ತಾಗಿತು. ಬಗ್ಗಿದ. ಬೆನ್ನಿಗೆ ತಾಗಿತು. ಮಲಗಿದ. ಎದೆಗೆ ತಾಗಿತು. ಕೂಗಲು ಬಾಯಿ ತೆರೆದ. ಕೂದಲು. ಬರೀ ಕೂದಲು.

ಹೊರಗೆ, ಒಳಗಿನ ಒದ್ದಾಟದ ಸದ್ದು ಕೇಳಿದ ಶಾರವ್ವ ಹಾರೆ ಎತ್ತಿ ಬಾಗಿಲಿಗೆ ಬಡಿದಳು. ಮೂರನೆಯ ಪೆಟ್ಟಿಗೆ ಅಗಳಿ ಕಿತ್ತು ಬಂತು. ಕರೀಮಸಾಬ ಅವನ ಕಾಲು ಹಿಡಿದು ಬಿಸಿಲಿಗೆ ಎಳೆದ. ಮುಖ ನೀಲಿಗಟ್ಟಿತ್ತು. ಕರೀಮಸಾಬ ಕಣ್ಣು ಮುಚ್ಚಿಕೊಂಡು ಅವನ ಬಾಯೊಳಗೆ ಎರಡು ಬೆರಳು ತೂರಿಸಿ, ಸಿಕ್ಕ ಎಳೆಯನ್ನು ಹಿಡಿದು ಜಗ್ಗಿದ. ಜಗ್ಗುತ್ತಲೇ ಇದ್ದ. ಒಂದು ಮಾರು, ಎರಡು ಮಾರು. ಕೊನೆಗೆ ಕರಿ ಗಂಟೊಂದು ತುಟಿಯವರೆಗೆ ಬಂದು, ಎಳೆ ಪಟ್ಟನೆ ಹರಿದು, ಮತ್ತೆ ಒಳಗಿಳಿಯಿತು. ಮೈಲಾರಲಿಂಗ ಉಸಿರೆಳೆದುಕೊಂಡ.

ಮುಖ ತೊಳೆಯಲು ನೀರು ಹಾಕಿದವಳು ಶಾರವ್ವ. ಅಂಗಳದಲ್ಲಿ ಬಿದ್ದುಕೊಂಡೇ ಅವನು ಎಲ್ಲವನ್ನೂ ಹೇಳಿದ. ಕೇಳುತ್ತ ಹೋದಂತೆ ಅವಳ ಮುಖ ಹೇಸಿಗೆಯಿಂದ ಮುದುಡಿತು. ಕಾಲಬಳಿ ಬಿದ್ದಿದ್ದ ವಾಂತಿಯನ್ನು ನೋಡಿದಾಗಲೂ ಅದು ಅಷ್ಟು ಮುದುಡಿರಲಿಲ್ಲ. ಮಧುಶ್ರೀಯ ಫೋನು ಇಸಿದುಕೊಂಡು ಗುದ್ಲೆಪ್ಪನಿಗೆ ಹಚ್ಚಿದಳು.

"ನಿಮ್ಮ ಅಳಿಯಾ ಎಲ್ಲಾ ಹೇಳ್ಯಾನ್ರಿ. ಐದು ಮನಿ ಮಂದಿ ಕೇಳೇವಿ. ಇನ್ನೊಂದು ಸಲ ನಮ್ಮ ಬಾಗಿಲದಾಗ ಏನರ ಕಂಡ್ರ ನೆಟ್ಟಗ ಠಾಣಾಕ್ಕ ಒಯ್ತೇನಿ. ಬಾಡಿಗಿ ಹದಿನೆಂಟು ನೂರ. ನ್ಯಾಯವಾಗಿ ಏರಿಸೂದಿದ್ರ ಮೊದಲು ತಗಡು ಹಾಕಿಸಿ, ಎದುರಿಗೆ ಬಂದು ಕೇಳ್ರಿ."

ಮುಂದಿನ ತಿಂಗಳು ಬಾಡಿಗೆ ಏರಲಿಲ್ಲ. ಆದರೆ ಆರನೆಯ ಖೋಲಿಯನ್ನು ಗುದ್ಲೆಪ್ಪ ಎರಡು ಸಲ ತೊಳೆಸಿ, ಸುಣ್ಣ ಹೊಡೆಸಿ, ಹದಿನೈದೇ ದಿನದಲ್ಲಿ ಓದುವ ಹುಡುಗರಿಗೆ ಐದು ಸಾವಿರಕ್ಕೆ ಕೊಟ್ಟ. ಅಳಿಯನ ಹಾಸಿಗೆಯನ್ನು ಕಸದ ಗಾಡಿ ಒಯ್ಯಿತು.

ಮೈಲಾರಲಿಂಗ ಊರ ಹೊರಗೆ, ಗೋವಿನಜೋಳ ಒಣಗಿಸುವ ಬಯಲಿನಲ್ಲಿ ಉಳಿದ. ಬೇಸಿಗೆ ಹೇಗೋ ಕಳೆಯಿತು. ಶಾರವ್ವನ ಮನೆಯಿಂದ ದಿನಕ್ಕೊಮ್ಮೆ ರೊಟ್ಟಿ ಬರುತ್ತಿತ್ತು. ಮರದ ನೆರಳಿನಲ್ಲೂ ಅವನಿಗೆ ಕೂರಲಾಗುತ್ತಿರಲಿಲ್ಲ. ಎಲೆ ದಟ್ಟವಾದಲ್ಲೆಲ್ಲ ಹೊಟ್ಟೆ ತೊಳೆಸುತ್ತಿತ್ತು. ಮೈ ಸುಟ್ಟು ಕರಿಯಾಗಿ, ತುಟಿ ಸೀಳಿ, ಗರಡಿಯ ತೋಳು ಕಟ್ಟಿಗೆಯಾಗಿತ್ತು.

ಜೂನಿನಲ್ಲಿ ಒಂದು ಮುಂಜಾನೆ ಜೋರು ಮಳೆ ಹಿಡಿಯಿತು. ಅಪ್ಪನ ಮಾತು ಮೀರಿ ಮಂಜುಳಾ ಹಾನಗಲ್ಲಿನಿಂದ ಬಸ್ಸು ಹತ್ತಿ ಬಂದಿದ್ದಳು. ಬಯಲಿನ ನಡುವೆ, ಗೋಣಿಯನ್ನೂ ಹೊದೆಯಲಾಗದೆ ನಡುಗುತ್ತ ಕುಳಿತ ಗಂಡನನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಕೆಸರಲ್ಲಿ ಓಡಿದಳು.

"ಏನ್ರೀ ಇದು, ಜಡೀ ಮಳ್ಯಾಗ ಹಿಂಗ..." ಎನ್ನುತ್ತ ಅವನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ತನ್ನ ಕೊಡೆಯನ್ನು ಅವನ ತಲೆಯ ಮೇಲೆ ಹಿಡಿದಳು.

ಅವನು ಬ್ಯಾಡ ಎನ್ನಲು ಕೈಯೆತ್ತಿದ. ಅಷ್ಟರಲ್ಲಿ ತಡವಾಗಿತ್ತು. ಬೆಚ್ಚನೆಯ ಲೋಳೆಯೂ ನರೆತ ಕೂದಲೂ ಅವಳ ಮಡಿಲಿಗೆ, ಸೀರೆಯ ನೆರಿಗೆಗೆ ಬಿದ್ದವು. ಮಂಜುಳಾ ಚೀರಲಿಲ್ಲ. ಆದರೆ ಮುಖ ತಾನಾಗಿ ಆಚೆ ಹೊರಳಿತು, ಒಂದು ಕೈ ಮೂಗಿಗೆ ಹೋಯಿತು. ಅವಳು ಎದ್ದು ನಿಂತಳು. ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೊಂದು ಹೆಜ್ಜೆ. ಕೊಡೆಯ ಅಂಚು ಅವನ ತಲೆಯ ಮೇಲಿಂದ ದಾಟಿಹೋದ ಕೂಡಲೇ ಮಳೆ ಅವನ ಮುಖಕ್ಕೆ ಹೊಡೆಯಿತು, ಹೊಟ್ಟೆ ತಣ್ಣಗಾಯಿತು.

"ಇನ್ನೂ ದೂರ ನಿಲ್ಲು ಮಂಜೂ," ಎಂದ ಅವನು. "ಈಗ ಆರಾಮ ಐತಿ."