ತಕರಾರಿನ ಮನೆ

ಸಂಜೆಯಾಗುತ್ತಲೇ ಸಮ್ಮತಿಶೋಧಕ ಯಂತ್ರ ಗುರುಶಾಂತಪ್ಪ ಅಣ್ಣಿಗೇರಿಯವರ ಗೇಟಿನ ಮುಂದೆ ಬಂದು ನಿಂತಿತು. ಸೊಂಟದೆತ್ತರದ ಮೈ, ಕೆಳಗೆ ಮೂರು ಗಾಲಿ, ಮೇಲೆ ಬೋರಲು ಹಾಕಿದ ಕೊಡದಂಥ ತಲೆ. ಒಳಗೆ ಬರಬಹುದೇ ಎಂದು ಕೇಳಿ, ಬಾ ಎನ್ನಿಸಿಕೊಂಡ ಮೇಲೆಯೇ ಅದು ಕಟ್ಟೆಯ ತನಕ ಉರುಳಿ ಬಂತು.

"ಇವತ್ತೇನ್ರಿ ತಕರಾರು?"

"ಇವತ್ತಿಂದು ಭಾಳ ಗಂಭೀರ ಐತಿ" ಎಂದು ಗುರುಶಾಂತಪ್ಪ ಅಂಗಿಯ ತೋಳು ಸರಿಪಡಿಸಿಕೊಂಡರು. "ನಿಮ್ಮ ರೈಲು ಬಂದ್ರ ನನ್ನ ಕರಿಬೇವಿನ ಗಿಡಕ್ಕ ಬಿಸಿಲು ಬೀಳೂದಿಲ್ಲ."

"ನಿನ್ನೆ ಮನಿಗೆ ನೆರಳು ಸಾಲೂದಿಲ್ಲ ಅಂದಿದ್ರಿ."

"ನಿನ್ನಿಂದು ಮನಿ ಮುಂದಿನ ಮಾತು. ಇದು ಹಿತ್ತಲದ್ದು."

ಯಂತ್ರ ವಾದಕ್ಕೆ ಇಳಿಯಲಿಲ್ಲ. ಹಿತ್ತಲಿಗೆ ಹೋಗಿ ಗಿಡದ ಎತ್ತರ ಅಳೆಯಿತು, ಸೂರ್ಯ ಎಲ್ಲಿಂದ ಎಲ್ಲಿಗೆ ಸರಿಯುತ್ತಾನೆಂದು ಲೆಕ್ಕ ಹಾಕಿತು, ಹಳಿಯನ್ನು ಒಂದು ಮೊಳ ಎತ್ತರಿಸಿದರೆ ಬಿಸಿಲು ಬೀಳುತ್ತದೆ ಎಂದಿತು. ಗುರುಶಾಂತಪ್ಪ ಬಹಳ ಹೊತ್ತು ಯೋಚಿಸುವವರಂತೆ ಗಲ್ಲ ಕೆರೆದುಕೊಂಡು, ಆ ತಕರಾರು ಪರಿಹಾರವಾಯಿತೆಂದು ಒಪ್ಪಿದರು. ನಾಳೆಗೆ ಬೇರೊಂದನ್ನು ಹುಡುಕಿ ಇಟ್ಟುಕೊಂಡಿದ್ದರು.

ಈ ಯಂತ್ರದ ಕಥೆಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಹುಬ್ಬಳ್ಳಿಯಿಂದ ವಿಮಾನ ನಿಲ್ದಾಣಕ್ಕೆ ಲಘು ರೈಲು ಹಾಕುವ ಕೆಲಸ ಆಗ ನಡೆದಿತ್ತು. ಗುದ್ದಲಿ, ಸಿಮೆಂಟು, ಕಂಬ ಯಾವುದೂ ಇಲ್ಲ. ಹಳಿನೇಕಾರ ಎಂಬ ದೊಡ್ಡ ಯಂತ್ರ ಇಂಗಾಲದ ಎಳೆಗಳನ್ನು ಹೆಣೆಯುತ್ತ ಮುಂದೆ ಸಾಗಿದರೆ, ಮಗ್ಗದಿಂದ ಸೀರೆ ಇಳಿದಂತೆ ಅದರ ಹಿಂದೆ ಹಳಿ ಇಳಿಯುತ್ತಿತ್ತು. ಹಳಿ ಹಗುರ, ಬೋಗಿ ಹಗುರ. ಮರ ಬಂದರೆ ಬಳಸಿ ಹೋಗಬಹುದು, ಮನೆ ಬಂದರೆ ಅಂಗಳದ ಅಂಚಿನಲ್ಲಿ ನುಸುಳಬಹುದು. ಇಷ್ಟು ಸುಲಭವಾದ ಮೇಲೆ ಜನರ ಮನೆ ಒಡೆಯುವುದೇಕೆಂದು ಹೊಸ ಕಾನೂನು ಬಂತು. ಯಾರ ಜಾಗದಲ್ಲಿ ಹಾಯಬೇಕಾದರೂ ಅವರ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಿಕೊಂಡು ಮುಂದೆ ಮುಂದೆ ಹೋಗುವುದಕ್ಕೆ ಡಾ. ವಸುಮತಿ ಕಿತ್ತೂರ ಎಂಬ ವಿಜ್ಞಾನಿ ಸಮ್ಮತಿಶೋಧಕವನ್ನು ಕಟ್ಟಿದರು. ಆ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಜನ ಅದನ್ನು ಕೇಳಪ್ಪ ಎಂದು ಕರೆದರು.

ಕೇಳಪ್ಪನಿಗೆ ಇದ್ದ ಮುಖ್ಯ ಕಟ್ಟಳೆ ಇದು. ತಕರಾರು ಇರುವ ಮನೆಗೆ ದಿನಾ ಹೋಗಬೇಕು, ಮಾತು ಮುಗಿಯುವ ತನಕ ನಡುವೆ ಬಾಯಿ ಹಾಕದೆ ಕೇಳಬೇಕು, ಒಂದು ಪರಿಹಾರ ಹೇಳಬೇಕು. ನಷ್ಟವಿದ್ದರೆ ತಕರಾರು, ನಷ್ಟ ತೀರಿದರೆ ಒಪ್ಪಿಗೆ ಎಂಬುದು ವಸುಮತಿಯವರ ಸೂತ್ರ. ಸೂತ್ರ ಚೆನ್ನಾಗಿಯೇ ಇತ್ತು. ದಾರಿಯುದ್ದಕ್ಕೂ ಹೆಚ್ಚಿನವರು ಮೊದಲ ದಿನವೇ ಒಪ್ಪಿ ಬಾಗಿಲು ಹಾಕಿಕೊಂಡರು. ಕೊನೆಗೆ ಉಳಿದದ್ದು ಗುರುಶಾಂತಪ್ಪನವರ ಮನೆಯೊಂದೇ. ಅದರ ಎಡಕ್ಕೆ ಕೆರೆ, ಬಲಕ್ಕೆ ಹೆದ್ದಾರಿ. ಹಳಿ ಬಳಸಿ ಹೋಗಲು ದಾರಿಯಿರಲಿಲ್ಲ.

ಗುರುಶಾಂತಪ್ಪ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ವರ್ಷ ಅವರ ಕಿಟಕಿಯ ಮುಂದೆ ಜನ ಮುಗಿಬೀಳುತ್ತಿದ್ದರು. ಗದಗಿನ ಗಾಡಿ ಎಷ್ಟೊತ್ತಿಗ್ರಿ, ಶಿರಸಿದು ಹೋತೇನ್ರಿ, ಅಣ್ಣಾರ ಲಗೂ ಹೇಳ್ರಿ. ಊಟಕ್ಕೆ ಡಬ್ಬಿ ಬಿಚ್ಚಿದರೂ ಬಿಡುತ್ತಿರಲಿಲ್ಲ, ಆಗ ರೇಗುತ್ತಿದ್ದರು. ನಿವೃತ್ತಿಯಾದ ಮರುವರ್ಷವೇ ಹೆಂಡತಿ ತೀರಿಕೊಂಡರು. ಮಕ್ಕಳಿರಲಿಲ್ಲ. ಹಾಲು ಕೊಳವೆಯಲ್ಲಿ ಬರುತ್ತಿತ್ತು, ಔಷಧ ಆಕಾಶದಿಂದ ಇಳಿಯುತ್ತಿತ್ತು, ಪಿಂಚಣಿ ತಾನಾಗಿ ಜಮೆಯಾಗುತ್ತಿತ್ತು. ಯಾರೂ ಬಾಗಿಲು ತಟ್ಟಬೇಕಾದ ಕಾರಣವೇ ಉಳಿದಿರಲಿಲ್ಲ. ಕೆಲವು ದಿನ ಸಂಜೆ ಕೆಮ್ಮಿದಾಗಲೇ ಅವರಿಗೆ ಬೆಳಗಿನಿಂದ ತಮ್ಮ ಧ್ವನಿ ಹೊರಬಿದ್ದಿಲ್ಲವೆಂದು ಗೊತ್ತಾಗುತ್ತಿತ್ತು.

ಇಂಥ ಮನೆಗೆ ಕೇಳಪ್ಪ ಬಂದದ್ದು. ಮೊದಮೊದಲು ಅದು "ತಮ್ಮ ಆಕ್ಷೇಪಣೆಯನ್ನು ದಯವಿಟ್ಟು ತಿಳಿಸಿ" ಎಂದು ಸರಕಾರಿ ಕನ್ನಡ ಆಡುತ್ತಿತ್ತು. ಅವರ ಮಾತು ಕೇಳಿ ಕೇಳಿ ಅವರಂತೆಯೇ ಮಾತನಾಡಲು ಕಲಿಯಿತು. ತಕರಾರಿನ ನೆಪದಲ್ಲಿ ಅವರು ಹೆಂಡತಿಯ ಅಡುಗೆಯ ಮಾತು ತೆಗೆದರು, ಬಸ್ಸು ತಪ್ಪಿಸಿಕೊಂಡು ಗೋಳಾಡಿದವರ ಸುದ್ದಿ ಹೇಳಿದರು. ಕೇಳಪ್ಪ ಎಲ್ಲವನ್ನೂ ಕೇಳಿತು.

ಅವರ ಮನೆಯೊಂದನ್ನು ಬಿಟ್ಟು ಉಳಿದ ಹಳಿ ಮುಗಿದಿತ್ತು. ಕಾಯುವುದಕ್ಕೆ ಬೇಸತ್ತ ರೈಲು ಮಂಡಳಿ ಇದ್ದ ಹಾಗೆಯೇ ಓಡಾಟ ಶುರುಮಾಡಿತು. ವಿಮಾನಕ್ಕೆ ಹೋಗುವವರು ಈಚೆ ಇಳಿದು, ಪೆಟ್ಟಿಗೆ ಎಳೆದುಕೊಂಡು ಹೆದ್ದಾರಿಯ ಅಂಚಿನಲ್ಲಿ ಅವರ ಕಾಂಪೌಂಡಿನ ಪಕ್ಕ ನಡೆದು, ಆಚೆ ಇನ್ನೊಂದು ಬೋಗಿ ಹತ್ತಬೇಕು. ಗುರುಶಾಂತಪ್ಪನವರಿಗೆ ಹಬ್ಬವೇ ಬಂದಂತಾಯಿತು. ಗಡ್ಡ ಬೋಳಿಸಿಕೊಂಡು ಗೇಟಿನಲ್ಲಿ ನಿಂತರು. ಯಾರಾದರೂ ದಾರಿ ಕೇಳಿಯೇ ಕೇಳುತ್ತಾರೆ!

ಯಾರೂ ಕೇಳಲಿಲ್ಲ. ಎಲ್ಲರ ಕಿವಿಯಲ್ಲೂ ಫೋನೇ ದಾರಿ ಹೇಳುತ್ತಿತ್ತು. "ಏರ್‌ಪೋರ್ಟಿಗೆ ಆಕಡಿ ಗಾಡಿರಿ" ಎಂದು ಅವರಾಗಿಯೇ ಕೂಗಿದರೆ, ಒಬ್ಬ ಹುಡುಗ ನಡೆಯುತ್ತಲೇ ತಲೆಯಾಡಿಸಿದ. ತುಂಬಿದ ಜನರ ನಡುವೆ ನಿಂತಾಗ ಅವರಿಗೆ ಖಾಲಿ ಮನೆಯಲ್ಲಿ ಇದ್ದಾಗಿನದಕ್ಕಿಂತ ಹೆಚ್ಚು ಸಂಕಟವಾಯಿತು. ಒಳಗೆ ಬಂದು ಕುಳಿತು ಸಂಜೆಗಾಗಿ ಕಾದರು.

ಆ ಸಂಜೆ ಕೇಳಪ್ಪನ ಜೊತೆ ಡಾ. ವಸುಮತಿಯವರೂ ಬಂದರು. ಗುರುಶಾಂತಪ್ಪ ಚಾ ಮಾಡಿ, ತಾಟಿನಲ್ಲಿ ಚುರುಮುರಿ ಹಾಕಿ ಮುಂದಿಟ್ಟರು.

"ಅಣ್ಣಿಗೇರಿಯವರ, ನೇರ ಹೇಳಿಬಿಡ್ತೇನ್ರಿ" ಎಂದರು ವಸುಮತಿ. "ಮಂಡಳಿಯವರ ಸಹನಾ ಮುಗದೈತಿ. ಒಪ್ಪಿಗಿ ಕೇಳೂ ಪದ್ಧತಿನ ಸೋತು ಹೋತು ಅಂತಾರ. ಈ ತಿಂಗಳ ದಾಟಿದ್ರ ಕೇಳಪ್ಪನ್ನ ಬಿಚ್ಚಿ ಹಾಕ್ತಾರ."

"ಬಿಚ್ಚಿ ಹಾಕೂದು ಅಂದ್ರ?"

"ನೆನಪು ಅಳಿಸಿ, ಸಾಮಾನು ಗುಜರಿಗೆ ಕೊಡ್ತಾರ. ಮುಂದಿನ ಊರಾಗ ಮತ್ತ ಹಳೇ ಪದ್ಧತಿ, ಜೆಸಿಬಿ ತಂದು ಮನಿ ಒಡಿಯೂದು."

"ನಾ ಒಪ್ಪಿದ್ರ?"

"ಉಳೀತೈತಿ. ಬೆಳಗಾವಿ ಲೈನಿಗೆ ಕಳಸ್ತೇವಿ."

ಗುರುಶಾಂತಪ್ಪ ಯಂತ್ರದ ಕಡೆ ನೋಡಿದರು. "ರಜಾ ಸಿಕ್ಕಾಗ ಒಮ್ಮೆ ಇತ್ತ ಬರಬಹುದಲ್ರಿ?"

"ತಕರಾರು ಇಲ್ಲದ ಮನಿಗೆ ಅದು ಹೋಗೂಹಂಗಿಲ್ಲ. ನಾವ ಹಂಗ ಮಾಡೇವಿ." ವಸುಮತಿ ಚಾದ ಕಪ್ಪು ಕೆಳಗಿಟ್ಟರು. "ನಿಮಗ ಖರೇನ ಏನು ತ್ರಾಸ ಆಗೇತಿ ಹೇಳ್ರಿ. ಏನಿದ್ರೂ ಮಾಡಿಕೊಡ್ತೇನಿ."

ಗುರುಶಾಂತಪ್ಪ ಚುರುಮುರಿಯ ತಾಟು ಪಕ್ಕಕ್ಕೆ ಸರಿಸಿ, "ಡಾಕ್ಟ್ರ, ನನ್ನ ತಕರಾರಿನ್ಯಾಗ ಒಂದೂ ಖರೇ ಅಲ್ರಿ" ಎಂದರು. "ನಿಮ್ಮ ರೈಲಿಂದ ನನಗೇನೂ ತ್ರಾಸ ಇಲ್ಲ. ಇದು ಬರತೈತಿ ಅಂತ ನಾ ಸಂಜಿಗೆ ಅಂಗಿ ಹಾಕ್ಕೋತೇನಿ. ಅಷ್ಟ."

ವಸುಮತಿ ಯಂತ್ರದ ಕಡೆ ತಿರುಗಿದರು. "ಇವೆಲ್ಲಾ ಸುಳ್ಳು ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ" ಎಂದಿತು ಕೇಳಪ್ಪ. "ಸುಳ್ಳಿದ್ರ ತಿಳಸು ಅಂತ ನೀವು ಹೇಳಿರಲಿಲ್ಲ. ಕೇಳು ಅಂದಿದ್ರಿ. ಕೇಳಿದೆ."

ವಸುಮತಿಯವರ ಸೂತ್ರದಲ್ಲಿ ಈ ನಷ್ಟಕ್ಕೆ ಜಾಗವಿರಲಿಲ್ಲ.

ಗುರುಶಾಂತಪ್ಪ ಎರಡನ್ನೂ ತೂಗಿ ನೋಡಿದರು. ಒಪ್ಪಿದರೆ ಅದು ಬರುವುದಿಲ್ಲ. ಒಪ್ಪದಿದ್ದರೆ ಅದೇ ಇರುವುದಿಲ್ಲ. ತಮ್ಮ ಸುಖಕ್ಕೆ ಅದನ್ನು ಗುಜರಿಗೆ ದೂಡುವುದು ಅವರಿಂದಾಗಲಿಲ್ಲ. ಎದ್ದು ಹೋಗಿ ಅದರ ತಲೆಯ ಮೇಲಿನ ಗಾಜಿನ ಬಿಲ್ಲೆಗೆ ಹೆಬ್ಬೆಟ್ಟು ಒತ್ತಿದರು. "ಬೆಳಗಾವ್ಯಾಗ ಮಳಿ ಜಾಸ್ತಿ. ಹುಷಾರಪಾ" ಎಂದರು.

"ತಮ್ಮ ಸಮ್ಮತಿ ದಾಖಲಾಗಿದೆ. ಸಹಕಾರಕ್ಕಾಗಿ ಧನ್ಯವಾದಗಳು" ಎಂದಿತು ಯಂತ್ರ. ಕಡತ ಮುಗಿದ ಕೂಡಲೇ ಆ ಮನೆಯಲ್ಲಿ ಕಲಿತ ಮಾತನ್ನೂ ಬಿಡಬೇಕೆಂಬ ನಿಯಮವಿತ್ತಂತೆ. ವಸುಮತಿಯವರಿಗೂ ಅದು ಆಗಲೇ ನೆನಪಾದದ್ದು. ತಲೆತಗ್ಗಿಸಿಕೊಂಡು ಯಂತ್ರದ ಹಿಂದೆ ನಡೆದರು.

ಹಳಿನೇಕಾರ ಮರುದಿನವೇ ಬಂದು ಕೆಲಸ ಮುಗಿಸಿತು. ರೈಲು ಇಡಿಯ ದಾರಿಯನ್ನು ಎಲ್ಲೂ ನಿಲ್ಲದೆ ಓಡಿತು. ವಿಮಾನ ತಪ್ಪಿತೆಂದು ಅಳುವವರು ಊರಿನಲ್ಲಿ ಇಲ್ಲವಾದರು. ಉದ್ಘಾಟನೆಯ ದಿನ ಮಂತ್ರಿಗಳು, ಒಬ್ಬ ನಾಗರಿಕರ ಮನೆಗೆ ಯಂತ್ರ ವರ್ಷಗಟ್ಟಲೆ ದಿನಾ ಹೋಗಿ ತಾಳ್ಮೆಯಿಂದ ಕೇಳಿದ ಸಂಗತಿಯನ್ನು ಹೊಗಳಿ ಹೊಗಳಿ ಹೇಳಿದರು. ಎಲ್ಲ ವಾಹಿನಿಗಳೂ ಅದನ್ನು ತೋರಿಸಿದವು. ಗುರುಶಾಂತಪ್ಪ ಬನಿಯನ್ನಿನಲ್ಲೇ ಕುಳಿತು ನೋಡಿ ಟೀವಿ ಆರಿಸಿದರು.

ವಾರ ಕಳೆಯುವುದರೊಳಗೆ ವಸುಮತಿ ಮತ್ತೆ ಬಂದರು, ಈ ಸಲ ಒಬ್ಬರೇ. ತಲೆ ಬಾಚಿರಲಿಲ್ಲ.

"ಏನಾತ್ರಿ, ಕೇಳಪ್ಪ ಆರಾಮಿಲ್ಲೇನು?" ಎಂದು ಗುರುಶಾಂತಪ್ಪ ಗಾಬರಿಯಾದರು.

"ಅದು ಆರಾಮ ಐತ್ರಿ. ನಾ ಆರಾಮಿಲ್ಲ. ಮೊದಲನೇ ದಿನ ಒಪ್ಪಿದ್ರಲ್ಲ, ಆ ಮಂದಿ ಒಬ್ಬೊಬ್ಬರಾಗಿ ಒಪ್ಪಿಗಿ ವಾಪಸ್ ತಗೋಳಾಕ ಹತ್ಯಾರ. ಟೀವಿ ನೋಡಿದ ಮ್ಯಾಲಿಂದ ಶುರು ಆಗೇತಿ. ಲೈನ್ ತುಂಬ ತಕರಾರು."

ಒಪ್ಪಿಗೆ ಹಿಂಪಡೆಯಬಹುದೆಂಬ ಕಲಮನ್ನು, ಯಾರು ಬಳಸುತ್ತಾರೆ ಎಂದುಕೊಂಡೇ ಸೇರಿಸಿದ್ದರಂತೆ. ನಾಳೆ ಸಂಜೆಯೊಳಗೆ ಕೇಳುವವರು ಹೋಗದಿದ್ದರೆ ಆ ಮನೆಗಳ ಮುಂದೆ ರೈಲು ನಿಲ್ಲಬೇಕು. ಕೇಳಪ್ಪ ಇರುವುದು ಒಂದೇ, ಅದೂ ಬೆಳಗಾವಿಯಲ್ಲಿ.

"ಇಷ್ಟು ಮನ್ಯಾಗ ಇಷ್ಟು ಮಂದಿ ಒಂಟಿಯಾಗಿ ಇದ್ದಾರಂತ ನಮಗ್ಯಾರಿಗೂ ಗೊತ್ತಿರಲಿಲ್ರಿ" ಎಂದರು ವಸುಮತಿ. "ಕೇಳುವವರು ಯಂತ್ರಾನ ಆಗಿರಬೇಕಂತ ಕಾನೂನಿನ್ಯಾಗ ಬರದಿಲ್ಲ. ನಾ ಅರ್ಧ ಮನಿ ತಗೋತೇನಿ. ಉಳಿದಿದ್ದಕ್ಕ ನೀವು…"

ಮರುದಿನ ಗುರುಶಾಂತಪ್ಪ ಮೊದಲು ಹೋದದ್ದು ರುಕ್ಮಾಬಾಯಿ ಎಂಬವರ ಹಿಟ್ಟಿನ ಗಿರಣಿಗೆ. ಗಿರಣಿ ನಿಂತು ಎಷ್ಟೋ ಕಾಲವಾಗಿತ್ತು. ಚಕ್ರದ ಪಟ್ಟಾ ಹರಿದು ಜೋತಾಡುತ್ತಿತ್ತು. ಆಕೆ ಬಾಗಿಲಲ್ಲೇ ಕಾಯುತ್ತಿದ್ದರು. ಹೊಸ ಇಳಕಲ್ ಸೀರೆ ಉಟ್ಟಿದ್ದರು, ಸ್ಟೂಲು ಒರೆಸಿ ಇಟ್ಟಿದ್ದರು.

"ಯಂತ್ರ ಬರತೈತಿ ಅಂದಿದ್ರು" ಎಂದರು, ಸ್ವಲ್ಪ ಅನುಮಾನದಿಂದ.

"ಅದಕ್ಕ ಬೆಳಗಾವ್ಯಾಗ ಕೆಲಸ ಬಿದ್ದೈತ್ರಿ. ನಾ ಬಂದೇನಿ. ಏನು ತಕರಾರು ಹೇಳ್ರಿ ಬಾಯಾರ."

"ರೈಲು ಹೋದಾಗೊಮ್ಮೆ ನನ್ನ ಗಿರಣಿ ಕಲ್ಲು ಅಲಗಾಡತೈತ್ರಿ. ನಿಂತು ನೋಡ್ರಿ, ಈಗ ಬರತೈತಿ."

ಇಬ್ಬರೂ ಕಲ್ಲಿನ ಹತ್ತಿರ ಹೋಗಿ ನಿಂತರು. ಹೊರಗೆ ರೈಲು ವಿಮಾನದ ಜನರನ್ನು ತುಂಬಿಕೊಂಡು ಸರಕ್ಕನೆ ಹಾದುಹೋಯಿತು. ಕಲ್ಲಿನ ಮೇಲೆ ಕುಳಿತಿದ್ದ ನೊಣ ಕೂಡ ಏಳಲಿಲ್ಲ. ಅದನ್ನು ಇಬ್ಬರೂ ನೋಡಿದರು.

"ನೋಡಿದ್ರಲ್ಲಾ, ಹೆಂಗ ಅಲಗಾಡ್ತು!" ಎಂದರು ರುಕ್ಮಾಬಾಯಿ. ಮಾತು ಮುಗಿಸಿ ಅವರ ಮುಖವನ್ನೇ ನೋಡಿದರು.

"ಭಾಳ ಅಲಗಾಡ್ತು ನೋಡ್ರಿ" ಎಂದರು ಗುರುಶಾಂತಪ್ಪ.

ರುಕ್ಮಾಬಾಯಿ ತಮಗೂ ಒಂದು ಸ್ಟೂಲು ಎಳೆದುಕೊಂಡು ಕುಳಿತರು. ಗಿರಣಿಯನ್ನು ತಮ್ಮ ಗಂಡ ಎಲ್ಲಿಂದ ತಂದರು, ಹೇಗೆ ತಂದರು ಎಂಬಲ್ಲಿಂದ ಹೇಳತೊಡಗಿದರು.