ಬೀಗರು ಬಂದ ದಿನದ ನಿದ್ದೆ

ಸೋಮವಾರ ಬೆಳಿಗ್ಗೆ ಎಂಟರ ಸುಮಾರಿಗೆ ಅನಸೂಯಾ ಮುಂಬಯಿ ಬಳಿಯ ಕಲ್ಯಾಣದ ಪೊಲೀಸ್ ಠಾಣೆಗೆ ಬರಿಗಾಲಲ್ಲಿ ಓಡಿಬಂದಳು.

"ಅಣ್ಣ ತೀರ್ಕೊಂಡಾನ್ರಿ. ಮಣ್ಣಿಗೆ ಒಯ್ಯಾಕ ಹತ್ಯಾರ. ಮೊದಲ ಅದನ್ನ ನಿಲ್ಲಸ್ರಿ."

ಹವಾಲ್ದಾರ್ ಶೈಲೇಶನಿಗೆ ಆ ಭಾಷೆ ತಿಳಿಯಲಿಲ್ಲ. ಸಬ್‌ಇನ್‌ಸ್ಪೆಕ್ಟರ್ ಜಯಶೀಲನನ್ನು ಕರೆದ. ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದ ಮನೆತನದ ಜಯಶೀಲನೊಬ್ಬನಿಗೇ ಅಲ್ಲಿ ಕನ್ನಡ ಬರುತ್ತಿದ್ದುದು.

"ಯಾರ ಮೇಲಾದರೂ ಸಂಶಯ ಉಂಟಾ?"

ಅವಳು ತಲೆ ತಗ್ಗಿಸಿದಳು. "ನಿನ್ನೆ ನನ್ನ ನೋಡಾಕ ಬೀಗರು ಬಂದಿದ್ರು. ಅಣ್ಣ ಉಂಡು ಮಲಗಿದಾಂವ ಏಳಲೇ ಇಲ್ಲ. ಎಬ್ಬಸಬ್ಯಾಡ ಅಂದ್ಳು ಅವ್ವ."

ಅಸಹಜ ಸಾವೆಂದು ದಾಖಲಿಸಿಕೊಂಡು ಜಯಶೀಲ ಅವರ ಮನೆಯಿದ್ದ ಚಾಳಿಗೆ ಹೋದ. ಭಿವಂಡಿಯ ಗೋದಾಮಿನಲ್ಲಿ ಲೋಡಿಂಗ್ ಮಾಡುತ್ತಿದ್ದ ಅವಳ ಅಣ್ಣ ಶಿವರಾಯ ಚಾಪೆಯ ಮೇಲಿದ್ದ. ತಾಯಿ ಭೀಮಮ್ಮ ಅವನ ಎದೆಯ ಮೇಲಿಟ್ಟ ಕೈ ತೆಗೆಯಲೊಲ್ಲಳು. ಶವ ಪಂಚನಾಮೆ ನಡೆಯಿತು. ಒಲೆಯ ಪಕ್ಕದ ಕುಟ್ಟಾಣಿಯಲ್ಲಿ ಬಿಳಿ ಪುಡಿ ಅಂಟಿತ್ತು. ಕಸದಲ್ಲಿ ಗುಳಿಗೆಯ ಖಾಲಿ ಪಟ್ಟಿಗಳು. ಎರಡಕ್ಕೂ ಸೀಲು ಬಿತ್ತು.

ಶ್ವಾಸನಾಳದಲ್ಲಿ ಅನ್ನವಿತ್ತೆಂದು ಮರಣೋತ್ತರ ಪರೀಕ್ಷೆ ಹೇಳಿತು. ರಾಸಾಯನಿಕ ವರದಿ ಬರಲು ವಾರಗಳೇ ಹಿಡಿದವು: ಕ್ವಿಟಿಯಾಪಿನ್ ಎಂಬ ಮನೋರೋಗದ ಔಷಧಿ, ಬಹಳ ಹೆಚ್ಚಿನ ಪ್ರಮಾಣದಲ್ಲಿ. ಅಂದೇ ಎಫ್‌ಐಆರ್ ಆಯಿತು.

ಶಿವರಾಯನಿಗೆ ಚಿಕಿತ್ಸೆ ಕೊಡುತ್ತಿದ್ದ ಥಾಣೆ ನಗರದ ಮನೋವೈದ್ಯೆ ಜಯಶೀಲ ತಂದ ವರದಿಯನ್ನು ಎರಡು ಸಲ ಓದಿದರು.

"ಅವನಿಗೆ ಇಲ್ಲದ ದನಿಗಳು ಕೇಳಿಸುತ್ತಿದ್ದವು. ಮೆದುಳಿನಲ್ಲಿ ಡೋಪಮಿನ್ನಿನ ಅಬ್ಬರವನ್ನು ಈ ಗುಳಿಗೆ ತಗ್ಗಿಸುತ್ತದೆ, ದನಿಗಳು ಅಡಗುತ್ತವೆ. ಆದರೆ ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್ನನ್ನೂ ಇದು ತಡೆಯುತ್ತದೆ. ಅದಕ್ಕೇ ಅಷ್ಟು ನಿದ್ದೆ."

"ಮತ್ತೆ ಸಾವು ಹೇಗೆ?"

"ಕೆಲಸದಲ್ಲಿ ತೂಕಡಿಸುತ್ತಾನೆಂದು ಹೋದ ವರ್ಷವೇ ಬೇರೆ ಔಷಧಿಗೆ ಬದಲಿಸಿದ್ದೆ. ಇದರ ರೂಢಿ ತಪ್ಪಿದ ಮೈಗೆ ಒಮ್ಮೆಲೇ ಇಷ್ಟು ಬಿದ್ದರೆ ರಕ್ತದೊತ್ತಡ ಕುಸಿಯುತ್ತದೆ. ವಾಂತಿಯಾದರೂ ಎಚ್ಚರವಾಗುವುದಿಲ್ಲ." ಅವರು ಕನ್ನಡಕ ತೆಗೆದರು. "ಹುಷಾರಾಗಿದ್ದನಲ್ಲ ಅವನು."

ಜಯಶೀಲ ಕೇಳಿದಾಗ ಭೀಮಮ್ಮ ಸುಳ್ಳು ಹೇಳಲಿಲ್ಲ.

"ಹಳೇ ಗುಳಿಗೆ ಎಲ್ಲಿತ್ತಮ್ಮ?"

"ಡಬ್ಬಿ ತಳದಾಗ."

"ಯಾವುದರಲ್ಲಿ ಹಾಕಿದಿರಿ?"

"ಹಾಲನ್ನದಾಗ, ಸಕ್ರಿ ಕಲಸಿ. ಅವನೇ ಇನ್ನಷ್ಟು ಹಾಕವ್ವ ಅಂದ."

"ಯಾಕೆ?"

ಅವಳು ಸೆರಗಿನ ಅಂಚು ಹಿಂಡಿದಳು. "ಮೊದಲ ಎರಡು ಸಂಬಂಧ ಇವನನ್ನ ನೋಡಿ ಮುರದು ಹೋದ್ವು. ಒಬ್ಬಾಕಿಯಾರ ದಡ ಸೇರಲಿ ಅಂದ್ಕೊಂಡೆ. ಒಂದ ಹೊತ್ತು ಮಲಗಿದ್ರ ಸಾಕಿತ್ರಿ, ಸಾಹೇಬ್ರ. ಒಂದ ಹೊತ್ತು."

ಸೂರ್ಯ ಮುಳುಗುವ ಮುನ್ನ ಮಹಿಳಾ ಕಾನ್‌ಸ್ಟೆಬಲ್ ಅವಳನ್ನು ಬಂಧಿಸಿದಳು. ಅನಸೂಯಾ ಬಾಗಿಲಲ್ಲಿ ನಿಂತಿದ್ದಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ.

ಮರುದಿನ ಸಾಕ್ಷಿ ಹೇಳಿಕೆಗೆಂದು, ಅನಸೂಯಾಳನ್ನು ನೋಡಲು ಬಂದಿದ್ದ ವರ ಅನಿಲಕುಮಾರ ಠಾಣೆಗೆ ಬಂದ.

"ಹುಡುಗಿಯ ಅಣ್ಣನ ಕಾಯಿಲೆ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ರಿ. ಅವನೂ ನಾನೂ ಒಂದೇ ಗೋದಾಮಿನಾಗ ದುಡಿಯೋರು. ತಂಗಿ ಇದ್ದಾಳ, ನೋಡು ಬಾ ಅಂತ ಅವನೇ ಕರದಿದ್ದ. ಅವ್ವಗ ಆಮ್ಯಾಲೆ ಹೇಳ್ತೀನಿ ಅಂದಿದ್ದ."

ಜಯಶೀಲ ಆ ಮಾತನ್ನು ಬರೆದುಕೊಂಡು ಅವನಿಗೆ ಓದಿ ಹೇಳಿದ. ಒಳಗಿನ ಕೋಣೆಯಲ್ಲಿ ಭೀಮಮ್ಮ ಗೋಡೆಗೊರಗಿ ಕೂತಿದ್ದಳು. ಕಾಗದ ಕೈಯಲ್ಲಿ ಹಿಡಿದು ಅವನು ಬಾಗಿಲವರೆಗೆ ಹೋದ. ಅದನ್ನು ಮಡಚಿ ಕಡತದೊಳಗಿಟ್ಟು ಹಿಂದಿರುಗಿದ.